ಒಂದೇ ಕಡೆ ಕೇಳುವ ಇಂಟರ್‌ನೆಟ್ ಫೋನ್: ದಿಕ್ಕು ಹಿಡಿದು ದೋಷ ಹುಡುಕುವ ಬಗೆ

ರಿಂಗ್ ಆಗುತ್ತದೆ, ಎತ್ತಿದ್ದೂ ಗೊತ್ತಾಗುತ್ತದೆ, ಆಚೆಯವರ "ಹಲೋ, ಹಲೋ" ಸ್ಪಷ್ಟವಾಗಿ ಕೇಳುತ್ತದೆ. ಆದರೆ ನಾವು ಆಡಿದ ಒಂದು ಮಾತೂ ಅವರಿಗೆ ಮುಟ್ಟುವುದಿಲ್ಲ. ಇಲ್ಲವೇ ಇದರ ತಿರುಗುಮುರುಗು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಎಷ್ಟೋ ಹಳ್ಳಿಗಳಲ್ಲಿ ಮೊಬೈಲ್ ಸಿಗ್ನಲ್ ತೋಟದ ಬೇಲಿಯಾಚೆಗೇ ನಿಂತುಬಿಡುತ್ತದೆ. ಮನೆಯ ಮಾತುಕತೆಗೆಲ್ಲ ಈಗ ಫೈಬರೇ ಆಧಾರ. ಹಾಗಾಗಿ ಬೆಂಗಳೂರಲ್ಲಿರುವ ಮಗ "ಆಯಿ, ನನ್ನ ಮಾತು ಕೇಳ್ತಾ ಇದ್ದಾ?" ಎಂದು ಕೂಗುತ್ತಲೇ ಇರುವ ಈ ತೊಂದರೆ ಇಲ್ಲಿ ಸಣ್ಣದಲ್ಲ.

ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಮಾಡುವ ಕೆಲಸ ಸ್ಪೀಡ್ ಟೆಸ್ಟ್. ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಲ್ಯಾಂಡ್‌ಲೈನ್ ಗುಣಮಟ್ಟದ ಜಿ.711 ಧ್ವನಿಗೆ ಒಂದು ದಿಕ್ಕಿಗೆ ಸೆಕೆಂಡಿಗೆ 64 ಕಿಲೋಬಿಟ್ ಬೇಕು, ಧ್ವನಿಯನ್ನು ತುಂಡುತುಂಡಾಗಿ ಹೊರುವ ಪ್ಯಾಕೆಟ್ಟುಗಳ ತಲೆಬರಹಗಳನ್ನೂ ಸೇರಿಸಿದರೆ 90ರ ಆಸುಪಾಸು. ಅತಿ ಅಗ್ಗದ ಪ್ಲಾನಿಗೂ ಇದು ಲೆಕ್ಕಕ್ಕಿಲ್ಲ. ನಿಜವಾದ ಕಾರಣ ಬೇರೆ. ರಿಂಗ್ ಮಾಡಿಸುವ ಸಂದೇಶಕ್ಕೆ ಒಂದು ದಾರಿ, ಮಾತಿಗೆ ಇನ್ನೊಂದು. ಮಾತಿನಲ್ಲೂ ಹೋಗುವುದು ಒಂದು ಹರಿವು, ಬರುವುದು ಬೇರೆಯೇ ಹರಿವು. ಮೂರರಲ್ಲಿ ಒಂದು ಮಾತ್ರ ಕಟ್ಟಿಕೊಂಡಿರುತ್ತದೆ. ಅದು ಯಾವುದು ಎಂದು ತಿಳಿಯುವ ಮೊದಲು ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ.

ಮೊದಲು ದಿಕ್ಕು ಹಿಡಿಯಿರಿ

ಒಂದು ಚೀಟಿ, ಪೆನ್ನು ಇಟ್ಟುಕೊಂಡು ನಾಲ್ಕು ಕರೆ ಮಾಡಿ: ಮನೆಯ ಫೋನಿನಿಂದ ಒಂದು ಮೊಬೈಲಿಗೆ, ಅದೇ ಮೊಬೈಲಿನಿಂದ ಮನೆಗೆ, ಮನೆಯಿಂದ ಬೇರೆ ಕಂಪನಿಯ ನಂಬರಿಗೆ, ಆ ನಂಬರಿನಿಂದ ಮನೆಗೆ. ಪ್ರತಿ ಕರೆಯನ್ನೂ ಒಂದು ನಿಮಿಷವಾದರೂ ಹಿಡಿದಿರಿ. ಯಾರಿಗೆ ಕೇಳಲಿಲ್ಲ, ಶುರುವಿನಿಂದಲೇ ಕೇಳಲಿಲ್ಲವೋ ಮಧ್ಯದಲ್ಲಿ ನಿಂತಿತೋ, ಕರೆ ತಾನಾಗಿ ಕಡಿದುಹೋಯಿತೋ ಎಂಬುದನ್ನು ಗಡಿಯಾರ ನೋಡಿ ಬರೆದಿಡಿ.

ನಮಗೆ ಅವರ ಮಾತು ಕೇಳದೆ ಅವರಿಗೆ ನಮ್ಮದು ಕೇಳುತ್ತಿದ್ದರೆ ಸಂಶಯ ರೂಟರಿನ ಮೇಲೆ. ಅವರಿಗೆ ನಮ್ಮ ಮಾತು ಕೇಳದಿದ್ದರೆ ಮೊದಲು ಮೈಕು, ಆಮೇಲೆ ವೈಫೈ, ಕೊನೆಗೆ ರೂಟರ್. ಒಬ್ಬರೊಂದಿಗೆ ಮಾತ್ರ ಹೀಗಾಗಿ ಉಳಿದವರೊಂದಿಗೆ ಸರಿಯಿದ್ದರೆ ದೋಷ ಬಹುಪಾಲು ಅವರ ಕಡೆಯದು, ನಿಮ್ಮ ರೂಟರನ್ನು ಬಿಚ್ಚುವ ಅಗತ್ಯವಿಲ್ಲ. ಬರುವ ಕರೆ ಸರಿಯಿದ್ದು ಮಾಡುವ ಕರೆ ಮಾತ್ರ ಕೆಟ್ಟರೆ, ಅಥವಾ ಇದರ ಉಲ್ಟಾ ಆದರೆ, ಮೈಕು ಸ್ಪೀಕರುಗಳು ನಿರಪರಾಧಿಗಳು.

ಎತ್ತಿದ 30–32 ಸೆಕೆಂಡಿಗೆ ಸರಿಯಾಗಿ ಕರೆ ಕಡಿಯುತ್ತಿದ್ದರೆ ಅದು ದೊಡ್ಡ ಸುಳಿವು. ಕರೆ ಎತ್ತಿದ ಕಡೆಯಿಂದ "ಎತ್ತಿದೆ" ಎಂಬ ಸಂದೇಶ ಹೋಗುತ್ತದೆ, ಅದಕ್ಕೆ "ತಲುಪಿತು" ಎಂಬ ಮರುತ್ತರ ಬರಬೇಕು. ಬಾರದಿದ್ದರೆ ಅರ್ಧ ಸೆಕೆಂಡಿನ 64 ಪಟ್ಟು, ಅಂದರೆ 32 ಸೆಕೆಂಡು ಕಾದು ಕರೆ ಮುಗಿಸಬೇಕೆಂಬುದು ಇಂಟರ್‌ನೆಟ್ ಕರೆಗಳನ್ನು ಜೋಡಿಸುವ, 2002ರಲ್ಲಿ ಬಂದ ಸಿಪ್ ನಿಯಮದಲ್ಲೇ ಇದೆ. ಕರೆ ಹೀಗೆ ಕಡಿದರೆ ದೋಷ ರೂಟರಿನಲ್ಲೇ ಎಂದು ಹೆಚ್ಚುಕಮ್ಮಿ ಖಾತ್ರಿ ಮಾಡಿಕೊಳ್ಳಬಹುದು.

ನಿಮ್ಮದು ಯಾವ ಬಗೆಯ ಫೋನು?

ಎಲ್ಲವನ್ನೂ "ನೆಟ್ ಫೋನ್" ಎಂದು ಕರೆದರೂ ಮನೆಯಲ್ಲಿರುವುದು ನಾಲ್ಕರಲ್ಲಿ ಒಂದು. ಫೈಬರ್ ಮೋಡೆಮಿನ ಹಿಂಬದಿಯ ಫೋನ್ ತೂತಿಗೆ ಸಿಕ್ಕಿಸಿದ ಹಳೆಯ ಬಗೆಯ ಟೆಲಿಫೋನು. ಮೊಬೈಲಿನ ವೈಫೈ ಕಾಲಿಂಗ್. ವಾಟ್ಸಾಪ್‌ನಂಥ ಆ್ಯಪ್. ನೀವೇ ತಂದು ಹಾಕಿಕೊಂಡ ಸಿಪ್ ಅಡಾಪ್ಟರ್ (ಹಳೆಯ ಟೆಲಿಫೋನನ್ನು ರೂಟರಿಗೆ ಜೋಡಿಸುವ ಡಬ್ಬಿ) ಅಥವಾ ಸಿಪ್ ಆ್ಯಪ್.

ಮೊದಲನೆಯದರಲ್ಲಿ ಧ್ವನಿಗೆ ಸಾಮಾನ್ಯವಾಗಿ ಕಂಪನಿಯೇ ಪ್ರತ್ಯೇಕ ವಿಲ್ಯಾನ್ (ಅದೇ ಫೈಬರಿನಲ್ಲಿ ಬೇರ್ಪಡಿಸಿದ ಜಾಲ) ಕೊಟ್ಟಿರುತ್ತದೆ, ಅದು ನಿಮ್ಮ ಇಂಟರ್‌ನೆಟ್ಟಿನ ದಾರಿಗೆ ಬರುವುದೇ ಇಲ್ಲ. ಆದ್ದರಿಂದ ರೂಟರಿನ ಫೈರ್‌ವಾಲ್ ತಿದ್ದಿ ಪ್ರಯೋಜನವಿಲ್ಲ. ಟೆಲಿಫೋನ್ ಸೆಟ್ಟು ಸರಿಯಿದೆ ಎಂದು ಖಚಿತಪಡಿಸಿಕೊಂಡು ಆಪರೇಟರಿಗೆ ದೂರು ಕೊಡುವುದೊಂದೇ ದಾರಿ. ಮತ್ತೊಂದು ಎಚ್ಚರಿಕೆ: ಮೋಡೆಮಿನ ಹಿಂದಿರುವ ರೀಸೆಟ್ ತೂತಿಗೆ ಪಿನ್ನು ಚುಚ್ಚಬೇಡಿ. ಫೋನ್ ಖಾತೆ, ವಿಲ್ಯಾನ್, ಇಂಟರ್‌ನೆಟ್ ಲಾಗಿನ್ ಎಲ್ಲ ಅಳಿಸಿಹೋಗಬಹುದು, ಆಮೇಲೆ ಲೈನ್‌ಮನ್ ಬರುವ ತನಕ ಮನೆಯೇ ಮೂಕ. ಸ್ವಿಚ್ ಆರಿಸಿ ಎರಡು ನಿಮಿಷ ಬಿಟ್ಟು ಹಾಕುವುದು ಸಾಕು.

ಟೆಲಿಫೋನ್ ಸೆಟ್ಟಿನ ಪರೀಕ್ಷೆ

ಗೋಡೆಯಿಂದ ಸೆಟ್ಟಿಗೆ ಬರುವ ಎರಡು ತಂತಿಗಳ ಜೋಡಿಯಲ್ಲಿ ಹೋಗುವ ಮಾತೂ ಬರುವ ಮಾತೂ ಒಟ್ಟಿಗೇ ಓಡಾಡುತ್ತವೆ. ಅದು ತುಂಡಾದರೆ ಡಯಲ್ ಟೋನೇ ಇರುವುದಿಲ್ಲ, ಒಂದೇ ಕಡೆ ಕೇಳುವ ಪ್ರಶ್ನೆ ಬರುವುದಿಲ್ಲ. ಆದರೆ ಸೆಟ್ಟಿನಿಂದ ರಿಸೀವರಿಗೆ ಹೋಗುವ ಸುರುಳಿ ವಯರಿನಲ್ಲಿ ನಾಲ್ಕು ತಂತಿಗಳಿವೆ: ಎರಡು ಮೈಕಿಗೆ, ಎರಡು ಸ್ಪೀಕರಿಗೆ. ವರ್ಷಗಟ್ಟಲೆ ತಿರುಚಿ ತಿರುಚಿ ಅದರಲ್ಲೊಂದು ಒಳಗೇ ತುಂಡಾದರೆ ಒಂದು ಕಡೆ ಮಾತ್ರ ಮೌನ. ಇಂಟರ್‌ನೆಟ್ಟಿಗೂ ಇದಕ್ಕೂ ಸಂಬಂಧವೇ ಇಲ್ಲ.

ಪರೀಕ್ಷೆ ಸುಲಭ. ರಿಸೀವರ್ ಎತ್ತಿ, ಡಯಲ್ ಟೋನ್ ನಿಲ್ಲಲು ಒಂದು ಅಂಕಿ ಒತ್ತಿ, ಮೈಕಿಗೆ ಮೆತ್ತಗೆ ಊದಿ. ನಿಮ್ಮ ಉಸಿರಿನ ಸದ್ದು ನಿಮ್ಮದೇ ಕಿವಿಗೆ ಸಣ್ಣಗೆ ಕೇಳಬೇಕು. ಹಳೆಯ ಬಗೆಯ ಸೆಟ್ಟುಗಳಲ್ಲಿ ಸೈಡ್‌ಟೋನ್ ಎಂಬ ಈ ವ್ಯವಸ್ಥೆ ಇದ್ದೇ ಇರುತ್ತದೆ. ಕೇಳದಿದ್ದರೆ ಸುರುಳಿ ವಯರ್ ಬದಲಿಸಿ, ಆಮೇಲೂ ಇಲ್ಲವೆಂದರೆ ಬೇರೆ ಸೆಟ್ಟು ತಂದು ಹಾಕಿ ನೋಡಿ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡಲಗಾಳಿಗೆ ಸಣ್ಣ ಪಿನ್ನುಗಳ ಮೇಲೆ ಹಸಿರು ಕಿಲುಬು ಬೇಗ ಹಿಡಿಯುತ್ತದೆ. ಟಾರ್ಚ್ ಹಾಕಿ ತೂತಿನೊಳಗೆ ನೋಡಿ. ಪವರ್ ಆರಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬ್ರಶ್ಶಿನಿಂದ ಉಜ್ಜಿ, ಪೂರ್ತಿ ಒಣಗಿದ ಮೇಲೆ ಸಿಕ್ಕಿಸಿ. ಎಣ್ಣೆ ಸವರುವ ಅಭ್ಯಾಸ ಬೇಡ, ಧೂಳು ಅಂಟಿ ಇನ್ನಷ್ಟು ಕೆಡುತ್ತದೆ.

ಮೊಬೈಲಾದರೆ ಮೊದಲು ಬ್ಲೂಟೂತ್ ಆರಿಸಿ. ಪಕ್ಕದ ಕೋಣೆಯಲ್ಲಿ ಮರೆತುಬಿಟ್ಟ ಇಯರ್‌ಬಡ್ಡಿಗೆ ಮೈಕು ಸೇರಿಕೊಂಡಿರುವುದು ಅಪರೂಪವೇನಲ್ಲ. ನಂತರ ಧ್ವನಿಮುದ್ರಣದ ಆ್ಯಪಿನಲ್ಲಿ ಹತ್ತು ಸೆಕೆಂಡು ಮಾತಾಡಿ ಕೇಳಿ. ಅಲ್ಲಿ ಸರಿಯಿದ್ದು ವಾಟ್ಸಾಪ್ ಅಥವಾ ಸಿಪ್ ಆ್ಯಪಿನಲ್ಲಿ ಮಾತ್ರ ಇಲ್ಲವಾದರೆ ಆ ಆ್ಯಪಿಗೆ ಮೈಕಿನ ಅನುಮತಿ ಇಲ್ಲದಿರಬಹುದು. ಸೆಟ್ಟಿಂಗ್ಸ್, ಆ್ಯಪ್ಸ್, ಪರ್ಮಿಷನ್ಸ್, ಮೈಕ್ರೋಫೋನ್ ಎಂದು ಹೋಗಿ ಕೊಡಿ. ಆಂಡ್ರಾಯ್ಡ್ 12ರಿಂದ ಈಚೆಗೆ, ಪರದೆ ಮೇಲಿನಿಂದ ಎಳೆದಾಗ ಬರುವ ಗುಂಡಿಗಳಲ್ಲಿ ಎಲ್ಲ ಆ್ಯಪುಗಳ ಮೈಕನ್ನೂ ಒಮ್ಮೆಗೇ ಮುಚ್ಚುವ ಒಂದು ಗುಂಡಿ ಇರಬಹುದು. ಮಕ್ಕಳ ಕೈಗೆ ಫೋನು ಹೋಗಿ ಬಂದಿದ್ದರೆ ಅದನ್ನೂ ನೋಡಿ.

ವೈಫೈ: ರೂಟರಿನ ದನಿ ದೊಡ್ಡದು, ಮೊಬೈಲಿನದು ಸಣ್ಣದು

ಮೊಬೈಲಿನಲ್ಲಿ ವೈಫೈ ಕಡ್ಡಿಗಳು ತುಂಬಿ ಕಂಡರೂ ಮೋಸಹೋಗಬೇಡಿ. ಕಡ್ಡಿ ತೋರಿಸುವುದು ರೂಟರಿನ ಸಿಗ್ನಲ್ ನಿಮಗೆ ಎಷ್ಟು ತಲುಪುತ್ತಿದೆ ಎಂಬುದನ್ನು ಮಾತ್ರ. ಮೊಬೈಲಿನ ಟ್ರಾನ್ಸ್‌ಮಿಟರ್ ರೂಟರಿನದಕ್ಕಿಂತ ಸಾಮಾನ್ಯವಾಗಿ ದುರ್ಬಲ. ಚಿರೆಕಲ್ಲಿನ ದಪ್ಪ ಗೋಡೆ ಎರಡು ದಾಟಿ, ಅಡುಗೆಮನೆ ಅಥವಾ ಹಿಂಬದಿಯ ಕೊಟ್ಟಿಗೆಯಲ್ಲಿ ನಿಂತು ಮಾತಾಡಿದರೆ ಅವರದು ನಮಗೆ ಚೆನ್ನಾಗಿ ಕೇಳುತ್ತದೆ, ನಮ್ಮದು ಅವರಿಗೆ ತುಂಡುತುಂಡು ಅಥವಾ ಪೂರ್ತಿ ಇಲ್ಲ. ರೂಟರಿನ ಎದುರು, ಗೋಡೆ ಅಡ್ಡವಿಲ್ಲದೆ ನಿಂತು ಅದೇ ಕರೆ ಮಾಡಿ ನೋಡಿ. ಅಲ್ಲಿ ಸರಿಯಾದರೆ ಉತ್ತರ ಸಿಕ್ಕಿತು. ವೈಫೈ ಅಳೆಯುವ ಆ್ಯಪ್ ಇದ್ದರೆ, ಮಾತಾಡುವ ಜಾಗದಲ್ಲಿ ಸಿಗ್ನಲ್ ಮೈನಸ್ 67 ಡಿಬಿಎಂ ಅಥವಾ ಅದಕ್ಕಿಂತ ಚೆನ್ನಾಗಿ, ಅಂದರೆ ಮೈನಸ್ 60, 55ರ ಕಡೆಗೆ ಇರಬೇಕು. ಮಾಳಿಗೆಯ ಮೂಲೆಯಲ್ಲಿ ಕೂತ ರೂಟರನ್ನು ನಡುಮನೆಗೆ ಇಳಿಸುವುದು, ಇಲ್ಲವೇ ಕೇಬಲ್ ಎಳೆದು ಇನ್ನೊಂದು ಆ್ಯಕ್ಸೆಸ್ ಪಾಯಿಂಟ್ (ವೈಫೈ ಹರಡುವ ಡಬ್ಬಿ) ಹಾಕುವುದು ಪರಿಹಾರ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಅಗ್ಗದ ರಿಪೀಟರನ್ನು ಧ್ವನಿಗೆ ನಾವು ಹೇಳುವುದಿಲ್ಲ.

ವೈಫೈ ಕಾಲಿಂಗ್‌ನಲ್ಲಿ ರಿಂಗೂ ಮಾತೂ ಐಪಿಸೆಕ್ ಎಂಬ ಒಂದೇ ಗೂಢಲಿಪಿ ಸುರಂಗದೊಳಗೆ, ಯುಡಿಪಿ ಎಂಬ ಸಾಗಣೆ ವಿಧಾನದ 500 ಮತ್ತು 4500ನೇ ಪೋರ್ಟುಗಳ (ಜಾಲದ ನಂಬರು ಹಾಕಿದ ಬಾಗಿಲುಗಳ) ಮೂಲಕ ಹೋಗುತ್ತವೆ. ಆದ್ದರಿಂದ ಮುಂದೆ ಹೇಳುವ ರೂಟರ್ ತಂಟೆಗಳು ಇದಕ್ಕೆ ತಾಕುವುದು ಕಡಿಮೆ. ಇಲ್ಲಿಯ ಸಾಮಾನ್ಯ ರೋಗವೆಂದರೆ, ಎಲ್ಲೋ ಗುಡ್ಡದ ಟವರಿನ ಒಂದು ಕಡ್ಡಿ ಸಿಕ್ಕಾಗ ಮೊಬೈಲು ಕರೆಯ ನಡುವೆ ಅತ್ತಿತ್ತ ಹಾರುವುದು. ಪರೀಕ್ಷೆಗೆ ಏರೋಪ್ಲೇನ್ ಮೋಡ್ ಹಾಕಿ, ಆಮೇಲೆ ವೈಫೈ ಮಾತ್ರ ಹಚ್ಚಿ, ಕರೆ ಮಾಡಿ. ಹೀಗೆ ಸರಿ ಹೋದರೆ ಕಾಲಿಂಗ್ ಪ್ರಿಫರೆನ್ಸ್‌ನಲ್ಲಿ ವೈಫೈಗೆ ಆದ್ಯತೆ ಕೊಡಿ. ರೂಟರಿನಲ್ಲಿ ಐಪಿಸೆಕ್ ಪಾಸ್‌ಥ್ರೂ ಆನ್ ಇರಲಿ.

ರೂಟರ್: ಮಾತು ಕಳೆದುಹೋಗುವ ನಿಜವಾದ ಜಾಗ

ಇನ್ನು ಮುಂದಿನದು ಸಿಪ್ ಅಡಾಪ್ಟರ್, ಸಿಪ್ ಆ್ಯಪ್ ಇಟ್ಟುಕೊಂಡವರಿಗೆ. ಕರೆ ಶುರುವಾಗುವಾಗ ನಿಮ್ಮ ಫೋನು ಆಚೆ ಕಡೆಗೆ ಒಂದು ಸಣ್ಣ ಪಠ್ಯ ಕಳಿಸುತ್ತದೆ. "ನಿಮ್ಮ ಮಾತನ್ನು ಈ ವಿಳಾಸಕ್ಕೆ, ಈ ಪೋರ್ಟಿಗೆ ಕಳಿಸಿ" ಎಂಬುದು ಅದರ ಸಾರ. ಫೋನಿಗೆ ಗೊತ್ತಿರುವ ವಿಳಾಸವಾದರೂ ಯಾವುದು? ರೂಟರ್ ಒಳಗಡೆ ಕೊಟ್ಟ 192.168.1.34ರಂಥದ್ದು. ಅದನ್ನೇ ಬರೆದು ಕಳಿಸುತ್ತದೆ. ಕಾಗದದ ಮೇಲೆ ಊರು, ತಾಲೂಕು ಬರೆಯದೆ "ನಡುಮನೆ" ಎಂದಷ್ಟೇ ಬರೆದು ಅಂಚೆಗೆ ಹಾಕಿದ ಹಾಗೆ. ಆಚೆಯವರ ಧ್ವನಿ ಆ ವಿಳಾಸ ಹುಡುಕಿ ಎಲ್ಲೂ ಮುಟ್ಟದೆ ಸಾಯುತ್ತದೆ. ನಮ್ಮ ಧ್ವನಿ ಮಾತ್ರ ಅವರ ಸರ್ವರಿನ ಸಾರ್ವಜನಿಕ ವಿಳಾಸಕ್ಕೆ ಹೋಗುವುದರಿಂದ ಸುಖವಾಗಿ ತಲುಪುತ್ತದೆ. ಅವರಿಗೆ ನಾವು ಕೇಳುತ್ತೇವೆ, ನಮಗೆ ಅವರಿಲ್ಲ: ಈ ರೋಗದ ಮಾದರಿ ಲಕ್ಷಣ ಇದು.

ಇದನ್ನು ಸರಿಪಡಿಸಲೆಂದೇ ರೂಟರುಗಳಲ್ಲಿ ಸಿಪ್ ಎಎಲ್‌ಜಿ ಎಂಬ ಸೌಲಭ್ಯ ಇಟ್ಟಿದ್ದಾರೆ. 5060ನೇ ಪೋರ್ಟಿನಲ್ಲಿ ಹೋಗುವ ಪಠ್ಯವನ್ನು ತಡೆದು ವಿಳಾಸ ತಿದ್ದುವುದು ಅದರ ಕೆಲಸ. ಆದರೆ ವಿಳಾಸ ತಿದ್ದಿ ಪೋರ್ಟ್ ಬಿಡುವುದು, ಆಗಲೇ ಸರಿಯಿದ್ದದ್ದನ್ನು ಮತ್ತೆ ತಿದ್ದುವುದು ಇದರ ಚಾಳಿ. ಉಪಕಾರಕ್ಕಿಂತ ಉಪದ್ರವವೇ ಹೆಚ್ಚು. ಆದ್ದರಿಂದ ಮೊದಲ ಚಿಕಿತ್ಸೆ ಇದನ್ನು ಆಫ್ ಮಾಡುವುದು.

ಬ್ರೌಸರಿನಲ್ಲಿ ರೂಟರಿನ ವಿಳಾಸ ಹಾಕಿ. ಸಾಮಾನ್ಯವಾಗಿ 192.168.1.1 ಅಥವಾ 192.168.0.1, ಪಾಸ್‌ವರ್ಡ್ ಡಬ್ಬಿಯ ತಳದ ಚೀಟಿಯಲ್ಲಿರುತ್ತದೆ. ಟಿಪಿ-ಲಿಂಕ್ ಆದರೆ ಅಡ್ವಾನ್ಸ್‌ಡ್ ಒಳಗೆ ನ್ಯಾಟ್ ಫಾರ್ವರ್ಡಿಂಗ್, ಅಲ್ಲಿ ಎಎಲ್‌ಜಿ; ಕೆಲವು ಮಾದರಿಗಳಲ್ಲಿ ಸೆಕ್ಯುರಿಟಿ ಒಳಗಿದೆ. ನೆಟ್‌ಗಿಯರ್‌ನಲ್ಲಿ ವ್ಯಾನ್ ಸೆಟಪ್ ಪುಟದಲ್ಲಿ "ಡಿಸೇಬಲ್ ಸಿಪ್ ಎಎಲ್‌ಜಿ" ಎಂದಿರುವುದರಿಂದ ಅಲ್ಲಿ ಟಿಕ್ ತೆಗೆಯುವುದಲ್ಲ, ಹಾಕಬೇಕು. ಆಸುಸ್‌ನಲ್ಲಿ ನ್ಯಾಟ್ ಪಾಸ್‌ಥ್ರೂ, ಮೈಕ್ರೋಟಿಕ್‌ನಲ್ಲಿ ಫೈರ್‌ವಾಲ್ ಒಳಗಿನ ಸರ್ವಿಸ್ ಪೋರ್ಟ್ಸ್. ಸೇವ್ ಮಾಡಿದ ಮೇಲೆ ರೂಟರನ್ನು ಮೊದಲು ಆರಿಸಿ ಹಚ್ಚಿ, ಎರಡು ನಿಮಿಷ ಕಾದು, ಆಮೇಲೆ ಅಡಾಪ್ಟರನ್ನು ಆರಿಸಿ ಹಚ್ಚಿ. ಈ ಕ್ರಮ ಮುಖ್ಯ. ಹಳೆಯ ಸಂಪರ್ಕದ ನೆನಪು ರೂಟರಿನಲ್ಲಿ ಉಳಿದರೆ ಬದಲಾವಣೆ ಮಾಡಿಯೂ ಏನೂ ಆಗಲಿಲ್ಲ ಎಂದು ಕೈಬಿಡುವಂತಾಗುತ್ತದೆ.

ಕೇಬಲ್ ಆಪರೇಟರ್ ಕೊಟ್ಟ ಮೋಡೆಮಿನಲ್ಲಿ ಈ ಗುಂಡಿಯೇ ಇಲ್ಲವೆ? ಆಗ ಎಎಲ್‌ಜಿಯ ಕಣ್ಣು ತಪ್ಪಿಸಿ. ಸಿಪ್ ಸೇವೆಯವರು ಅವಕಾಶ ಕೊಟ್ಟಿದ್ದರೆ ಟ್ರಾನ್ಸ್‌ಪೋರ್ಟ್ ಅನ್ನು ಯುಡಿಪಿಯಿಂದ ಟಿಎಲ್‌ಎಸ್‌ಗೆ, ಪೋರ್ಟ್ 5061ಕ್ಕೆ ಬದಲಿಸಿ. ಗೂಢಲಿಪಿಯಲ್ಲಿ ಹೋಗುವುದನ್ನು ಅದು ಓದಲೂ ಆಗದು, ತಿದ್ದಲೂ ಆಗದು.

ಡಬಲ್ ನ್ಯಾಟ್. ಒಳವಿಳಾಸವನ್ನು ರೂಟರ್ ಹೊರವಿಳಾಸವಾಗಿ ಬದಲಿಸುವುದೇ ನ್ಯಾಟ್. ಫೈಬರ್ ಮೋಡೆಮ್ ತಾನೇ ರೂಟರ್, ಅದರ ಹಿಂದೆ ನೀವು ತಂದ ಇನ್ನೊಂದು ರೂಟರ್. ವಿಳಾಸ ಎರಡು ಸಲ ಬದಲಾಗುತ್ತದೆ, ಗೊಂದಲವೂ ಎರಡು ಪಟ್ಟು. ಮೋಡೆಮನ್ನು ಬ್ರಿಡ್ಜ್ ಮಾಡಿಸಿ (ಅದರ ರೂಟರ್ ಕೆಲಸ ನಿಲ್ಲಿಸಿ) ಎಂದು ಹಲವರು ಹೇಳುತ್ತಾರೆ, ಆದರೆ ಅದಕ್ಕೆ ಆಪರೇಟರಿನ ಕೈಕಾಲು ಹಿಡಿಯಬೇಕು. ಎರಡನೇ ರೂಟರನ್ನೇ ಬರೀ ಆ್ಯಕ್ಸೆಸ್ ಪಾಯಿಂಟ್ ಮಾಡುವುದು ನಮ್ಮ ಕೈಯಲ್ಲೇ ಇದೆ. ಅದರಲ್ಲಿ ಎಪಿ ಮೋಡ್ ಇದ್ದರೆ ಆರಿಸಿ. ಇಲ್ಲವಾದರೆ ಅದರ ಲ್ಯಾನ್ ವಿಳಾಸವನ್ನು ಬೇರೆ ಯಾವುದಕ್ಕೂ ಸಿಗದಂಥ 192.168.1.2ಕ್ಕೆ ಬದಲಿಸಿ, ಉಳಿದವಕ್ಕೆ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ಮೋಡೆಮಿನಿಂದ ಬರುವ ಕೇಬಲನ್ನು ವ್ಯಾನ್ (ಹೊರಜಾಲದ) ತೂತಿನಿಂದ ಕಿತ್ತು ಲ್ಯಾನ್ (ಮನೆಜಾಲದ) ತೂತಿಗೆ ಸಿಕ್ಕಿಸಿ.

ಸಿಜಿನ್ಯಾಟ್ ಇದೆಯೇ ನೋಡಿ

ಮೋಡೆಮಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ಬರೆದುಕೊಳ್ಳಿ. ನಿಮ್ಮ ಐಪಿ ಯಾವುದೆಂದು ತೋರಿಸುವ ಯಾವುದಾದರೂ ಜಾಲತಾಣ ತೆರೆದು ಅದರೊಂದಿಗೆ ಹೋಲಿಸಿ. ಎರಡೂ ಒಂದೇ ಆದರೆ ಸರಿ. ಬೇರೆಯಾಗಿದ್ದು, ಮೋಡೆಮಿನಲ್ಲಿರುವುದು 100.64ರಿಂದ 100.127ರೊಳಗಿನ ಯಾವುದರಿಂದಲಾದರೂ ಶುರುವಾದರೆ ಅದು 2012ರಲ್ಲಿ ಸಿಜಿನ್ಯಾಟ್ ಕೆಲಸಕ್ಕೆಂದೇ ಮೀಸಲಿಟ್ಟ ವಿಳಾಸ. 10ರಿಂದ ಶುರುವಾದರೂ ಅರ್ಥ ಅದೇ: ಒಂದು ಸಾರ್ವಜನಿಕ ವಿಳಾಸವನ್ನು ಆಪರೇಟರ್ ಹಲವು ಮನೆಗಳಿಗೆ ಹಂಚಿದ್ದಾನೆ, ಇದೇ ಸಿಜಿನ್ಯಾಟ್.

ಹೀಗಿದ್ದರೆ ಹೊರಗಿನಿಂದ ಬರುವುದನ್ನು ಫೋನಿನತ್ತ ಬಿಡುವ ಪೋರ್ಟ್ ಫಾರ್ವರ್ಡಿಂಗ್ ಮಾಡಿ ಹೊತ್ತು ಹಾಳು ಮಾಡಬೇಡಿ. ನಿಮ್ಮ ಬಾಗಿಲು ತೆಗೆದರೂ ಆಪರೇಟರಿನ ಬಾಗಿಲು ಮುಚ್ಚಿಯೇ ಇರುತ್ತದೆ. ಅಡಾಪ್ಟರಿನಲ್ಲಿ ಸ್ಟನ್ ಹಚ್ಚಿ ನೋಡಿ, ಅದರ ಪೋರ್ಟು 3478. ತನ್ನ ಹೊರವಿಳಾಸ ಯಾವುದೆಂದು ಫೋನು ಮೊದಲೇ ಕೇಳಿ ತಿಳಿದುಕೊಂಡು ಪಠ್ಯದಲ್ಲಿ ಅದನ್ನೇ ಬರೆಯುತ್ತದೆ. ಆಪರೇಟರಿನದು ಸಿಮೆಟ್ರಿಕ್ ನ್ಯಾಟ್ ಆಗಿದ್ದರೆ ಸ್ಟನ್ ಕೂಡ ಕೈಕೊಡುತ್ತದೆ, ಏಕೆಂದರೆ ಪ್ರತಿ ಹೊಸ ಗುರಿಗೂ ಅಲ್ಲಿ ಬೇರೆ ಪೋರ್ಟು. ಆಗ ಧ್ವನಿಯನ್ನು ತನ್ನ ಸರ್ವರಿನ ಮೂಲಕವೇ ಹಾಯಿಸುವ ಸಿಪ್ ಸೇವೆ ಬೇಕು, ಇಲ್ಲವೇ ಆಪರೇಟರಿನಿಂದ ಸ್ಟ್ಯಾಟಿಕ್ ಪಬ್ಲಿಕ್ ಐಪಿ ಕೊಳ್ಳಬೇಕು. ನಮ್ಮ ಮತ ಮೊದಲನೆಯದಕ್ಕೆ.

ಪಬ್ಲಿಕ್ ಐಪಿ ಇದ್ದವರೂ ಧ್ವನಿಯ ಪೋರ್ಟುಗಳನ್ನು ಮಾತ್ರ ಫಾರ್ವರ್ಡ್ ಮಾಡಿ, 5060ನ್ನು ಲೋಕಕ್ಕೆಲ್ಲ ತೆರೆದಿಡಬೇಡಿ. ತೆರೆದ 5060ನ್ನು ಹುಡುಕುತ್ತಾ ಇಡೀ ದಿನ ತಿರುಗುವ ಯಂತ್ರಗಳಿವೆ. ರಾತ್ರಿ ಎರಡು ಗಂಟೆಗೆ 100, 1001ರಂಥ ನಂಬರಿನಿಂದ ರಿಂಗ್ ಆಗಿ, ಎತ್ತಿದರೆ ಯಾರೂ ಇಲ್ಲವೆಂದರೆ ಅದು ಭೂತವಲ್ಲ, ಇದೇ.

ಅಡಾಪ್ಟರಿನೊಳಗೆ ನಾಲ್ಕು ತಿದ್ದುಪಡಿ

ಗ್ರ್ಯಾಂಡ್‌ಸ್ಟ್ರೀಮ್ ಎಚ್‌ಟಿ801 ಉದಾಹರಣೆಗೆ ತೆಗೆದುಕೊಳ್ಳೋಣ. ಅದಕ್ಕೆ ಸಿಕ್ಕಿಸಿದ ಟೆಲಿಫೋನಿನಲ್ಲಿ ನಕ್ಷತ್ರದ ಗುಂಡಿಯನ್ನು ಮೂರು ಸಲ ಒತ್ತಿ, ದನಿ ಬಂದ ಮೇಲೆ 02 ಒತ್ತಿದರೆ ಅದೇ ತನ್ನ ಐಪಿ ವಿಳಾಸ ಹೇಳುತ್ತದೆ. ಬ್ರೌಸರಿನಲ್ಲಿ ಆ ವಿಳಾಸ ಹಾಕಿ ಒಳಹೊಕ್ಕು, ನ್ಯಾಟ್ ಟ್ರಾವರ್ಸಲ್ ಎಂಬಲ್ಲಿ ಕೀಪ್-ಅಲೈವ್ ಅಥವಾ ಸ್ಟನ್ ಆಯ್ಕೆಮಾಡಿ, ಅಂತರ 20 ಸೆಕೆಂಡು ಇರಲಿ. ಹಲವು ರೂಟರುಗಳು 30 ಸೆಕೆಂಡು ಸದ್ದಿಲ್ಲದ ಯುಡಿಪಿ ಸಂಪರ್ಕವನ್ನು ಮರೆತುಬಿಡುತ್ತವೆ.

ಎರಡನೆಯದು ಸೈಲೆನ್ಸ್ ಸಪ್ರೆಶನ್, ಕೆಲವು ಕಡೆ ಇದರ ಹೆಸರು ವಿಎಡಿ. ಇದನ್ನು ಆಫ್ ಮಾಡಿ. ಆನ್ ಇದ್ದರೆ ನೀವು ಸುಮ್ಮನೆ ಕೇಳುತ್ತಿರುವಾಗ ಫೋನು ಪ್ಯಾಕೆಟ್ ಕಳಿಸುವುದನ್ನೇ ನಿಲ್ಲಿಸುತ್ತದೆ. ಕೆಲವು ನ್ಯಾಟುಗಳು ಒಳಗಿನಿಂದ ಹೊರಗೆ ಹೋಗುವ ಪ್ಯಾಕೆಟ್ ನೋಡಿಯೇ ಬಾಗಿಲು ತೆರೆದಿಡುತ್ತವೆ. ಅದು ಬಾರದಿದ್ದರೆ ಮುಚ್ಚುತ್ತವೆ. ಆಚೆಯವರು ಉದ್ದಕ್ಕೆ ಮಾತಾಡುತ್ತಿದ್ದಾಗ ನಡುವೆ ಮಾತು ನಿಲ್ಲುವುದು, ನೀವು "ಹಾಂ" ಅಂದೊಡನೆ ಮತ್ತೆ ಕೇಳುವುದು ಇದರ ಗುರುತು. ಮೂರನೆಯದು ಕೋಡೆಕ್, ಅಂದರೆ ಧ್ವನಿಯನ್ನು ಅಂಕಿಗಳಾಗಿಸುವ ವಿಧಾನ: ಪಿಸಿಎಂಎ ಮೊದಲು, ಪಿಸಿಎಂಯು ಎರಡನೆಯದು (ಎರಡೂ ಜಿ.711ರ ಬಗೆಗಳು), ಉಳಿದವನ್ನು ಸದ್ಯಕ್ಕೆ ತೆಗೆಯಿರಿ. ನಾಲ್ಕನೆಯದಾಗಿ ಅಡಾಪ್ಟರಿಗೆ ರೂಟರಿನಲ್ಲಿ ಒಂದೇ ವಿಳಾಸ ಕಾಯ್ದಿರಿಸಿ. ಒಂದು ಬದಲಾವಣೆ, ಒಂದು ಪರೀಕ್ಷಾ ಕರೆ. ನಾಲ್ಕನ್ನೂ ಒಟ್ಟಿಗೆ ತಿರುವಿದರೆ ಯಾವುದರಿಂದ ಸರಿಯಾಯಿತೆಂದು ತಿಳಿಯದು.

ವಾಟ್ಸಾಪ್ ಕರೆಗೆ

ವಾಟ್ಸಾಪ್ ಸಾಧ್ಯವಾದಾಗ ಎರಡು ಫೋನುಗಳ ನಡುವೆ ನೇರ ದಾರಿ ಹಿಡಿಯುತ್ತದೆ. ಆ ದಾರಿ ಒಂದು ಕಡೆ ಕಟ್ಟಿದರೆ ಅದನ್ನು ಸರ್ವರಿನ ಮೂಲಕ ಹೋಗುವಂತೆ ಮಾಡಬಹುದು. ಸೆಟ್ಟಿಂಗ್ಸ್, ಪ್ರೈವಸಿ, ಅಡ್ವಾನ್ಸ್‌ಡ್ ಒಳಗಿನ "ಕರೆಗಳಲ್ಲಿ ಐಪಿ ವಿಳಾಸ ರಕ್ಷಿಸಿ" ಆಯ್ಕೆಯನ್ನು ಆನ್ ಮಾಡಿ. 2023ರಲ್ಲಿ ಬಂದ ಈ ಸೌಲಭ್ಯ ಇರುವುದು ಗೋಪ್ಯತೆಗಾಗಿ, ನಮಗೆ ಬೇಕಾದದ್ದು ಅದರ ಅಡ್ಡ ಪರಿಣಾಮ.

ಭಟ್ಕಳ, ಹೊನ್ನಾವರದ ಕಡೆಯ ಮನೆಗಳಿಗೆ ಇನ್ನೊಂದು ಮಾತು. ದುಬೈ, ಅಬುಧಾಬಿಯಿಂದ ಬರುವ ವಾಟ್ಸಾಪ್ ಕರೆ ರಿಂಗ್ ಆಗಿಯೂ ಧ್ವನಿ ಬಾರದಿದ್ದರೆ ಇಲ್ಲಿ ಹುಡುಕುವಂಥದ್ದು ಏನೂ ಇಲ್ಲ. ಯುಎಇಯಲ್ಲಿ ಅನುಮತಿ ಇಲ್ಲದ ಇಂಟರ್‌ನೆಟ್ ಕರೆಗಳಿಗೆ ನಿರ್ಬಂಧವಿದೆ. ಬೊಟಿಮ್‌ನಂಥ ಅನುಮತಿ ಪಡೆದ ಆ್ಯಪನ್ನು ಎರಡೂ ಕಡೆ ಹಾಕಿಕೊಳ್ಳುವುದೇ ಸರಿ.

ಇನ್ನೂ ಪತ್ತೆಯಾಗದಿದ್ದರೆ ಪ್ಯಾಕೆಟ್ ಎಣಿಸಿ

ಲ್ಯಾಪ್‌ಟಾಪಿನಲ್ಲಿ ಪ್ಯಾಕೆಟ್ ಹಿಡಿದು ತೋರಿಸುವ, ಉಚಿತವಾಗಿ ಸಿಗುವ ವೈರ್‌ಶಾರ್ಕ್ ಹಾಕಿ, ಅದೇ ಲ್ಯಾಪ್‌ಟಾಪಿನ ಸಿಪ್ ಆ್ಯಪಿನಿಂದ 20 ಸೆಕೆಂಡಿನ ಕರೆ ಮಾಡಿ, ಟೆಲಿಫೋನಿ ಮೆನುವಿನಲ್ಲಿ ಧ್ವನಿ ಹರಿವುಗಳ ಪಟ್ಟಿಯಾದ ಆರ್‌ಟಿಪಿ ಸ್ಟ್ರೀಮ್ಸ್ ತೆರೆಯಿರಿ. ಎರಡು ಸಾಲು ಇರಬೇಕು, ಹೋಗಿದ್ದೊಂದು, ಬಂದದ್ದೊಂದು. ಜಿ.711ರಲ್ಲಿ ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೆ ಒಂದು ಪ್ಯಾಕೆಟ್, ಸೆಕೆಂಡಿಗೆ 50. ಆದ್ದರಿಂದ 20 ಸೆಕೆಂಡಿಗೆ ಪ್ರತಿ ಸಾಲಿನಲ್ಲೂ ಸುಮಾರು 1,000. ಬರುವ ಸಾಲೇ ಇಲ್ಲವಾದರೆ ರೂಟರ್ ಅಥವಾ ಆಪರೇಟರ್. ಎರಡೂ ಸಾಲು ತುಂಬಿ ಬಂದೂ ಕೇಳದಿದ್ದರೆ ನಿಮ್ಮ ಸ್ಪೀಕರ್ ಅಥವಾ ಕೋಡೆಕ್. ಹೋಗುವ ಸಾಲು ಸರಿಯಿದ್ದೂ ಅವರಿಗೆ ಕೇಳದಿದ್ದರೆ ಅದೇ ಕಿಟಕಿಯಲ್ಲಿ ಆ ಸಾಲನ್ನು ನುಡಿಸಿ ಕೇಳಿ. ನಿಮ್ಮ ದನಿ ಅಲ್ಲಿ ಇದ್ದರೆ ಮನೆಯೊಳಗೆ ದೋಷವಿಲ್ಲ, ಬರೀ ಮೌನವಿದ್ದರೆ ಮತ್ತೆ ಮೈಕಿನ ಹತ್ತಿರ ಬನ್ನಿ.

ಆಪರೇಟರಿಗೆ ದೂರು ಕೊಡುವಾಗ

"ಫೋನ್ ಸರಿಯಿಲ್ಲ" ಎಂದರೆ "ರೀಸ್ಟಾರ್ಟ್ ಮಾಡಿ" ಎಂಬ ಉತ್ತರ ಬರುವುದು ಖಂಡಿತ. ಬದಲಿಗೆ ಹೀಗೆ ಬರೆದು ಕಳಿಸಿ: ಇಂಥ ದಿನ, ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ, ಎಸ್‌ಟಿಡಿ ಕೋಡ್ 08384 ಸೇರಿದ ನಮ್ಮ ನಂಬರಿನಿಂದ ಇಂಥ ನಂಬರಿಗೆ ಕರೆ, ಅವರಿಗೆ ಕೇಳಿತು, ನಮಗೆ ಕೇಳಲಿಲ್ಲ, ಬರುವ ಕರೆಯಲ್ಲೂ ಹೀಗೆಯೇ, ಬೇರೆ ಟೆಲಿಫೋನ್ ಸೆಟ್ಟು ಹಾಕಿ ನೋಡಿದ್ದೇವೆ. ಸಮಯ ಮತ್ತು ನಂಬರು ಇದ್ದರೆ ಅವರ ಸರ್ವರಿನಲ್ಲಿ ಆ ಕರೆಯ ದಾಖಲೆ ಹುಡುಕಲು ದಾರಿಯಾಗುತ್ತದೆ.

ಮಳೆಗಾಲದಲ್ಲಿ ದೂರಿನ ಜೊತೆ ಮೋಡೆಮಿನ ಸ್ಟೇಟಸ್ ಪುಟದ ಆರ್‌ಎಕ್ಸ್ ಪವರ್ (ಫೈಬರಿನಲ್ಲಿ ಬಂದು ತಲುಪುವ ಬೆಳಕಿನ ಬಲ) ಅಂಕಿಯನ್ನೂ ಸೇರಿಸಿ. ಮೈನಸ್ 15ರಿಂದ ಮೈನಸ್ 25 ಡಿಬಿಎಂ ಒಳಗಿದ್ದರೆ ಚಿಂತೆಯಿಲ್ಲ. ಮೈನಸ್ 27ಕ್ಕೆ ಇಳಿದಿದ್ದರೆ ಎಲ್ಲೋ ಕೊಂಬೆ ಬಿದ್ದು ಫೈಬರ್ ಬಾಗಿರಬಹುದು, ಇಲ್ಲವೇ ಜಾಯಿಂಟ್ ಡಬ್ಬಿಗೆ ನೀರು ಹೊಕ್ಕಿರಬಹುದು. ಆಗ ಮಾತು ಪೂರ್ತಿ ನಿಲ್ಲುವುದಕ್ಕಿಂತ ಕತ್ತರಿಸಿ ಕತ್ತರಿಸಿ ಬರುವುದೇ ಹೆಚ್ಚು. ಸಿಡಿಲು ಹೊಡೆದ ಮರುದಿನದಿಂದ ತೊಂದರೆ ಶುರುವಾಗಿದ್ದರೆ ಅದನ್ನೂ ಹೇಳಿ. ಇಂಟರ್‌ನೆಟ್ ಸರಿಯಿದ್ದು ಫೋನ್ ಪೋರ್ಟಿನ ಸರ್ಕ್ಯೂಟ್ ಮಾತ್ರ ಸುಟ್ಟಿರುವುದುಂಟು. ಅದಕ್ಕೆ ಸೆಟ್ಟಿಂಗಿನಲ್ಲಿ ಮದ್ದಿಲ್ಲ, ಮೋಡೆಮೇ ಬದಲಾಗಬೇಕು.